ಟ್ಯೂಬಿನ ಮುಚ್ಚಳದಿಂದ ಒಪ್ಪಿಗೆ ಪತ್ರದವರೆಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೋಧನಾ ಆಸ್ಪತ್ರೆಗಳಲ್ಲಿ ನಡೆಯುವ ಸಂಶೋಧನೆಯ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಕೇಳಿದವರಲ್ಲಿ ಲ್ಯಾಬಿನವರಿದ್ದಾರೆ, ವಾರ್ಡಿನವರಿದ್ದಾರೆ, ರೋಗಿಯ ಮನೆಯವರೂ ಇದ್ದಾರೆ.

ಪ್ರಶ್ನೆ: ನಮ್ಮ ಅಧ್ಯಯನದಲ್ಲಿರುವ ಒಬ್ಬರ ರಕ್ತದಲ್ಲಿ ಪೊಟ್ಯಾಸಿಯಂ 7.8 ಬಂತು, ಕ್ಯಾಲ್ಸಿಯಂ 5ಕ್ಕಿಂತ ಕಡಿಮೆ. ಅವರು ಆರಾಮಾಗಿ ಓಡಾಡಿಕೊಂಡಿದ್ದರು. ಕೂಡಲೇ ಇಸಿಜಿ ಮಾಡಿಸಿದೆವು, ಸರಿಯಿತ್ತು. ಮತ್ತೆ ರಕ್ತ ತೆಗೆದು ನೋಡಿದರೆ ಎರಡೂ ನಾರ್ಮಲ್. ಯಂತ್ರದ ತಪ್ಪೇ? — ಇಂಟರ್ನ್

ಉತ್ತರ: ಇಸಿಜಿ ಮಾಡಿಸಿ, ತಕ್ಷಣ ಮತ್ತೆ ರಕ್ತ ತೆಗೆದದ್ದು ಸರಿಯಾಯಿತು. ಸುಳ್ಳೆಂದು ಖಚಿತವಾಗುವವರೆಗೆ ಅಂಥ ಪೊಟ್ಯಾಸಿಯಂ ಅನ್ನು ನಿಜವೆಂದೇ ಹಿಡಿಯಬೇಕು.

ತಪ್ಪು ಯಂತ್ರದ್ದಲ್ಲ, ಟ್ಯೂಬಿನದು. ಪೊಟ್ಯಾಸಿಯಂ ಏರಿ, ಜೊತೆಗೇ ಕ್ಯಾಲ್ಸಿಯಂ ಕುಸಿದಿದ್ದರೆ ನೇರಳೆ ಮುಚ್ಚಳದ ಟ್ಯೂಬನ್ನು ಅನುಮಾನಿಸಿ. ಅದರೊಳಗಿನ ಇಡಿಟಿಎ ಪೊಟ್ಯಾಸಿಯಂ ಲವಣದ ರೂಪದಲ್ಲಿರುತ್ತದೆ. ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡೇ ಅದು ರಕ್ತ ಹೆಪ್ಪುಗಟ್ಟದಂತೆ ತಡೆಯುವುದು. ಆ ರಕ್ತ ಕೆಂಪು ಮುಚ್ಚಳದ ಸೀರಮ್ ಟ್ಯೂಬಿಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಡುವ ತಿಳಿಯೇ ಸೀರಮ್) ಸೇರಿದರೆ ಪೊಟ್ಯಾಸಿಯಂ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಅದೇ ವರದಿಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಷ್ಟಿದೆ ನೋಡಿ. ಆ ಕಿಣ್ವ ಕೆಲಸ ಮಾಡಲು ಸತು, ಮೆಗ್ನೀಸಿಯಂ ಬೇಕು; ಇಡಿಟಿಎ ಅವನ್ನೂ ಕಸಿದುಕೊಳ್ಳುವುದರಿಂದ ಅದೂ ತೀರಾ ಕೆಳಗಿರುತ್ತದೆ. ಹೆಚ್ಚು ಮೋಸ ಮಾಡುವುದು ಬೆರಕೆ ಅಲ್ಪವಾಗಿದ್ದಾಗ. ಆಗ ಕ್ಯಾಲ್ಸಿಯಂ ನಾರ್ಮಲ್ ಮಿತಿಯೊಳಗೇ ಉಳಿದು ಪೊಟ್ಯಾಸಿಯಂ ಮಾತ್ರ ಏರಿರುತ್ತದೆ, ಯಾರಿಗೂ ಸಂಶಯ ಬರುವುದಿಲ್ಲ.

ಇದು ಆಗುವುದು ಹೀಗೆ: ಸಿರಿಂಜಿನಲ್ಲಿ ರಕ್ತ ತೆಗೆದು ಮೊದಲು ನೇರಳೆ ಟ್ಯೂಬ್ ತುಂಬುತ್ತಾರೆ, ಕೆಂಪಿಗೆ ಬರುವಷ್ಟರಲ್ಲಿ ರಕ್ತ ಸಾಲುವುದಿಲ್ಲ, ಮುಚ್ಚಳ ತೆಗೆದು ನೇರಳೆಯಿಂದ ಕೆಂಪಿಗೆ ಒಂದಿಷ್ಟು ಸುರಿಯುತ್ತಾರೆ. ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ಯಾವತ್ತೂ ಸುರಿಯಬಾರದು. ಮುಚ್ಚಳದ ಬಣ್ಣದ ಪ್ರಕಾರ ತುಂಬುವ ಕ್ರಮ ಇದು: ಮೊದಲು ಬ್ಲಡ್ ಕಲ್ಚರ್ ಬಾಟಲಿ, ಆಮೇಲೆ ನೀಲಿ, ನಂತರ ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು. ಬಟರ್‌ಫ್ಲೈ ಸೂಜಿಯಲ್ಲಿ ನೀಲಿಯೇ ಮೊದಲ ಟ್ಯೂಬಾದರೆ ಕೊಳವೆಯೊಳಗಿನ ಗಾಳಿ ಟ್ಯೂಬಿಗೆ ಹೋಗಿ ರಕ್ತ ಗೆರೆ ಮುಟ್ಟುವುದಿಲ್ಲ. ಮೊದಲು ಒಂದು ಟ್ಯೂಬಿಗೆ ಸ್ವಲ್ಪ ಎಳೆದು ಅದನ್ನು ಎಸೆಯಿರಿ. ನೀಲಿ ಟ್ಯೂಬಿನಲ್ಲಿ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ 1 ಪಾಲು, ರಕ್ತ 9 ಪಾಲು ಇರಲೇಬೇಕು. ಅರ್ಧ ತುಂಬಿದ ಟ್ಯೂಬಿನಲ್ಲಿ ಸಿಟ್ರೇಟ್ ಹೆಚ್ಚಾಗಿ, ಹೆಪ್ಪುಗಟ್ಟುವ ಸಮಯ ಸುಳ್ಳಾಗಿ ಉದ್ದವಾಗುತ್ತದೆ.

ರಕ್ತಕಣ ಒಡೆದರೂ ಪೊಟ್ಯಾಸಿಯಂ ಏರುತ್ತದೆ, ಆದರೆ ಆಗ ಸೀರಮ್ ಗುಲಾಬಿ ಅಥವಾ ಕೆಂಪಾಗಿ ಕಾಣುತ್ತದೆ, ಎಲ್‌ಡಿಎಚ್ ಎಂಬ ಕಿಣ್ವ ಕೂಡ ಏರಿರುತ್ತದೆ. ತೆಳು ಸೂಜಿ, ಸಿರಿಂಜನ್ನು ಜಗ್ಗಿ ಎಳೆಯುವುದು, ಟ್ಯೂಬನ್ನು ಗಲಗಲ ಅಲ್ಲಾಡಿಸುವುದು, ಇವೇ ಕಾರಣ. ನೇರಳೆ ಟ್ಯೂಬನ್ನು 8–10 ಸಲ ಮೆಲ್ಲಗೆ ತಲೆಕೆಳಗು ಮಾಡಿದರೆ ಸಾಕು. ತೋಳಿಗೆ ಬಿಗಿಯುವ ಪಟ್ಟಿ (ಟೂರ್ನಿಕೆಟ್) ಒಂದು ನಿಮಿಷ ಮೀರಬಾರದು. ಮುಷ್ಟಿ ಬಿಗಿದು ಬಿಡುವಂತೆ ಹೇಳಬೇಡಿ, ಅದರಿಂದಲೂ ಪೊಟ್ಯಾಸಿಯಂ ಏರುತ್ತದೆ.

ವಾರ್ಡಿನ ಸ್ಯಾಂಪಲ್ಲಿನಲ್ಲಿ ಇಂಥ ತಪ್ಪಾದರೆ ಅದೇ ದಿನ ಫೋನ್ ಬರುತ್ತದೆ. ಸಂಶೋಧನೆಯ ಸ್ಯಾಂಪಲ್ ಫ್ರೀಜರ್ ಸೇರಿ ವರ್ಷದ ನಂತರ ಯಂತ್ರಕ್ಕೆ ಬರುತ್ತದೆ, ಆಗ ಕೇಳಲು ಯಾರೂ ಇರುವುದಿಲ್ಲ. ರಕ್ತ ತೆಗೆದ ಸಮಯ, ಟ್ಯೂಬುಗಳ ಕ್ರಮ, ಸೀರಮ್ಮಿನ ಬಣ್ಣ ಈ ಮೂರನ್ನೂ ಅಂದೇ ಬರೆದಿಡಿ.

ಪ್ರಶ್ನೆ: ಪ್ರೋಟೋಕಾಲ್‌ನಲ್ಲಿ ‘1,500 ಜಿ, 10 ನಿಮಿಷ’ ಎಂದಿದೆ. ನಮ್ಮ ಸೆಂಟ್ರಿಫ್ಯೂಜಿನಲ್ಲಿ ಆರ್‌ಪಿಎಂ ಮಾತ್ರ ತೋರಿಸುತ್ತದೆ. 3,000ಕ್ಕೆ ಇಟ್ಟು ಓಡಿಸುತ್ತಿದ್ದೇವೆ. ಸಾಕೇ? — ಲ್ಯಾಬ್ ಟೆಕ್ನೀಷಿಯನ್

ಉತ್ತರ: ಆರ್‌ಪಿಎಂ ಎಂದರೆ ನಿಮಿಷಕ್ಕೆ ಎಷ್ಟು ಸುತ್ತು, ಜಿ ಎಂದರೆ ಗುರುತ್ವದ ಎಷ್ಟು ಪಟ್ಟು ಬಲ. ನಿಮ್ಮ ರೋಟರಿನ (ಟ್ಯೂಬುಗಳನ್ನು ಹೊತ್ತು ತಿರುಗುವ ಭಾಗದ) ತ್ರಿಜ್ಯ ಗೊತ್ತಿಲ್ಲದೆ ಹೌದು ಎನ್ನಲಾಗದು. ಬಕೆಟ್ ಅಡ್ಡಲಾಗಿ ಚಾಚಿಕೊಂಡ ಸ್ಥಿತಿಯಲ್ಲಿ, ನಡುವಿನ ದಂಡದಿಂದ ಟ್ಯೂಬಿನ ತಳದವರೆಗೆ ಎಷ್ಟು ಸೆಂಟಿಮೀಟರ್ ಎಂದು ಅಳೆಯಿರಿ. ಆರ್‌ಪಿಎಂ ಅನ್ನು ಅದೇ ಆರ್‌ಪಿಎಂನಿಂದ ಗುಣಿಸಿ, ಬಂದದ್ದನ್ನು ತ್ರಿಜ್ಯದಿಂದ ಗುಣಿಸಿ, ಕೊನೆಗೆ 0.00001118ರಿಂದ ಗುಣಿಸಿದರೆ ಜಿ ಸಿಗುತ್ತದೆ. ತ್ರಿಜ್ಯ 15 ಸೆಂ.ಮೀ. ಇದ್ದರೆ 3,000 ಆರ್‌ಪಿಎಂಗೆ 1,509 ಜಿ, ಅಂದರೆ ನೀವು ಸರಿ. ಮೇಜಿನ ಮೇಲಿಡುವ ಚಿಕ್ಕ ಯಂತ್ರದಲ್ಲಿ ತ್ರಿಜ್ಯ 10 ಸೆಂ.ಮೀ. ಇದ್ದರೆ ಅದೇ 3,000ಕ್ಕೆ ಬರುವುದು 1,006 ಜಿ ಮಾತ್ರ. ಅದರಲ್ಲಿ 1,500 ಬೇಕೆಂದರೆ ಸುಮಾರು 3,660ಕ್ಕೆ ಇಡಬೇಕು. ಲೆಕ್ಕ ಮಾಡಿ ಯಂತ್ರದ ಮುಚ್ಚಳದ ಮೇಲೆ ಚೀಟಿ ಅಂಟಿಸಿಬಿಡಿ.

ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದರೆ, ಬೇಕು. ಜಿ ಕಡಿಮೆಯಾದರೆ ಪ್ಲಾಸ್ಮಾದಲ್ಲಿ (ಹೆಪ್ಪುಗಟ್ಟದಂತೆ ತಡೆದ ರಕ್ತದ ತಿಳಿಯಲ್ಲಿ) ಪ್ಲೇಟ್‌ಲೆಟ್‌ಗಳು ಉಳಿಯುತ್ತವೆ. ಫ್ರೀಜರಿನಲ್ಲಿ ಅವು ಒಡೆದು ತಮ್ಮೊಳಗಿನ ಬೆಳವಣಿಗೆಯ ಅಂಶಗಳನ್ನೆಲ್ಲ ಹೊರಚೆಲ್ಲುತ್ತವೆ. ನೀವು ಅಳೆಯಲು ಹೊರಟದ್ದು ಅಂಥ ಪ್ರೋಟೀನನ್ನೇ ಆದರೆ, ಅದು ರೋಗಿಯ ರಕ್ತದಲ್ಲಿದ್ದದ್ದೋ ಟ್ಯೂಬಿನಲ್ಲಿ ಹುಟ್ಟಿದ್ದೋ ತಿಳಿಯದು. ಪ್ಲಾಸ್ಮಾದಲ್ಲಿ ತೇಲುವ ಡಿಎನ್‌ಎ ಬೇಕಾದವರು ಇದೇ ಕಾರಣಕ್ಕೆ ಎರಡು ಸಲ ಓಡಿಸುತ್ತಾರೆ: ಮೊದಲು 1,600 ಜಿಗೆ 10 ನಿಮಿಷ, ಮೇಲಿನದನ್ನು ತೆಗೆದು ಮತ್ತೆ 16,000 ಜಿಗೆ 10 ನಿಮಿಷ.

ಸೀರಮ್ ಬೇಕಿದ್ದರೆ ಟ್ಯೂಬನ್ನು ನೆಟ್ಟಗೆ ನಿಲ್ಲಿಸಿ ಕನಿಷ್ಠ 30 ನಿಮಿಷ ಹೆಪ್ಪುಗಟ್ಟಲು ಬಿಡಿ. ಅವಸರ ಮಾಡಿದರೆ ಫೈಬ್ರಿನ್ ಎಳೆಗಳು ಸೀರಮ್ಮಿನಲ್ಲೇ ಉಳಿದು ಯಂತ್ರದ ಸೂಜಿಗೆ ಸಿಕ್ಕಿಕೊಳ್ಳುತ್ತವೆ.

ಪ್ರಶ್ನೆ: ಒಂದೇ ಸೀರಮ್ಮನ್ನು ಮೂರು ಬೇರೆ ತಿಂಗಳುಗಳಲ್ಲಿ ಪರೀಕ್ಷಿಸಿದೆವು, ಮೂರು ಬೇರೆ ಉತ್ತರ. 2 ಮಿ.ಲೀ. ವಯಲ್ ಮೈನಸ್ 80ರಲ್ಲೇ ಇತ್ತು. — ಸಂಶೋಧನಾ ಸಹಾಯಕಿ

ಉತ್ತರ: ಅಂದರೆ ಅದೇ ವಯಲ್ ಮೂರು ಸಲ ಕರಗಿದೆ, ಎರಡು ಸಲ ಮತ್ತೆ ಗಡ್ಡೆಕಟ್ಟಿದೆ. ಕೆಲವು ಪ್ರೋಟೀನುಗಳು ಇದನ್ನು ತಾಳಿಕೊಳ್ಳುತ್ತವೆ, ಕೆಲವು ಮೊದಲ ಸಲವೇ ಕೆಡುತ್ತವೆ. ರಕ್ತ ತೆಗೆದ ದಿನವೇ 0.25 ಅಥವಾ 0.5 ಮಿ.ಲೀ.ನಂತೆ ಚಿಕ್ಕ ವಯಲ್‌ಗಳಿಗೆ ಹಂಚಿಡಿ. ಒಂದು ಪರೀಕ್ಷೆಗೆ ಒಂದು ವಯಲ್, ಉಳಿದದ್ದು ಹಿಂದಕ್ಕೆ ಹೋಗುವಂತಿಲ್ಲ. ನೀರು ಗಡ್ಡೆಯಾದಾಗ ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ ಕಂಠದವರೆಗೆ ತುಂಬಬೇಡಿ.

ಇನ್ನೊಂದು ಕಾರಣವೂ ಇರಬಹುದು. ಸೀರಮ್ ಗಡ್ಡೆಕಟ್ಟುವಾಗ ಮೊದಲು ಮಂಜಾಗುವುದು ನೀರು. ಲವಣ, ಪ್ರೋಟೀನುಗಳು ಪಕ್ಕಕ್ಕೆ ಸರಿಯುತ್ತವೆ, ಕರಗುವಾಗ ತಳಕ್ಕೆ ಇಳಿಯುತ್ತವೆ. ಕರಗಿದ ವಯಲನ್ನು ಬೆಳಕಿಗೆ ಹಿಡಿದು ನೋಡಿದರೆ ಮೇಲೆ ತಿಳಿ, ಕೆಳಗೆ ದಟ್ಟ ಹಳದಿ ಕಾಣುತ್ತದೆ. ಅಲ್ಲಾಡಿಸದೆ ಮೇಲಿನಿಂದ ಪಿಪೆಟ್ ಮಾಡಿದವರಿಗೆ ಒಂದು ಉತ್ತರ, ತಳದಿಂದ ತೆಗೆದವರಿಗೆ ಇನ್ನೊಂದು. ಪೂರ್ತಿ ಕರಗಿದ ಮೇಲೆ ಐದಾರು ಸಲ ಮೆಲ್ಲಗೆ ತಿರುವಿ, ಆಮೇಲೆ ತೆಗೆಯಿರಿ.

ಲೇಬಲ್ ಅಂಟಿಸುವುದು ವಯಲ್ ಒಣಗಿರುವಾಗ, ಫ್ರೀಜರಿಗೆ ಹೋಗುವ ಮೊದಲು. ಮಂಜು ಹಿಡಿದ ಮೇಲೆ ಅಂಟಿಸಿದ್ದು ಕಳಚಿ ಬೀಳುತ್ತದೆ, ಮಾಮೂಲಿ ಮಾರ್ಕರಿನಲ್ಲಿ ಬರೆದದ್ದು ಸ್ಪಿರಿಟ್ ತಾಗಿದರೆ ಅಳಿಸುತ್ತದೆ. ತಾನಾಗಿಯೇ ಮಂಜು ಕರಗಿಸಿಕೊಳ್ಳುವ ಮನೆಬಳಕೆಯ ಫ್ರೀಜರಂತೂ ಬೇಡವೇ ಬೇಡ. ಅದು ಆಗಾಗ ಬೆಚ್ಚಗಾಗುತ್ತಿರುತ್ತದೆ.

ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ರೋಗಿಗಳ ಸ್ಯಾಂಪಲ್ ಎರಡು ವರ್ಷದಿಂದ ಕೂಡಿಟ್ಟು, ಆರೋಗ್ಯವಂತರದ್ದನ್ನು ಕೊನೆಯ ತಿಂಗಳಲ್ಲಿ ಒಟ್ಟಿಗೆ ತೆಗೆದರೆ, ಎರಡು ಗುಂಪುಗಳ ನಡುವೆ ಕಾಣುವ ವ್ಯತ್ಯಾಸ ರೋಗದ್ದೋ ಫ್ರೀಜರಿನದ್ದೋ ಎಂದು ಯಾವ ಸ್ಟ್ಯಾಟಿಸ್ಟಿಷಿಯನ್ನೂ ಹೇಳಲಾರ. ಇಬ್ಬರದ್ದನ್ನೂ ಒಂದೇ ಅವಧಿಯಲ್ಲಿ ಸಂಗ್ರಹಿಸಿ, ಒಂದೇ ಪರೀಕ್ಷಾ ಪ್ಲೇಟಿನ ಬೇರೆ ಬೇರೆ ಗುಳಿಗಳಲ್ಲಿ ಅದಲುಬದಲಾಗಿ ಕೂರಿಸಿ.

ಪ್ರಶ್ನೆ: ಥೀಸಿಸ್‌ಗೆ ‘ಗುಂಪಿಗೆ 30 ಜನ ಸಾಕು’ ಎಂದು ಎಲ್ಲರೂ ಹೇಳುತ್ತಾರೆ. ಹಳೆಯ ವಿಧಾನದಲ್ಲಿ ಗಾಯದ ಸೋಂಕು ಶೇ. 30, ಹೊಸದರಲ್ಲಿ ಶೇ. 20ಕ್ಕೆ ಇಳಿಯಬಹುದೆಂಬ ನಿರೀಕ್ಷೆ ನನ್ನದು. — ಶಸ್ತ್ರಚಿಕಿತ್ಸಾ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿ

ಉತ್ತರ: ಸಾಲದು, ಹತ್ತಿರಕ್ಕೂ ಬರುವುದಿಲ್ಲ. ಲೆಕ್ಕವನ್ನು ನೀವೇ ಕಾಗದದ ಮೇಲೆ ಮಾಡಿ ನೋಡಿ. 0.30ನ್ನು 0.70ರಿಂದ ಗುಣಿಸಿದರೆ 0.21. 0.20ನ್ನು 0.80ರಿಂದ ಗುಣಿಸಿದರೆ 0.16. ಕೂಡಿದರೆ 0.37. ಶೇ. 5ರ ಮಟ್ಟ (ಇಲ್ಲದ ವ್ಯತ್ಯಾಸವನ್ನು ಇದೆಯೆನ್ನುವ ಸಾಧ್ಯತೆ), ಶೇ. 80ರ ಪವರ್ (ಇರುವ ವ್ಯತ್ಯಾಸವನ್ನು ಹಿಡಿಯುವ ಸಾಧ್ಯತೆ) ಇಟ್ಟುಕೊಂಡರೆ ಇದನ್ನು 7.84ರಿಂದ ಗುಣಿಸಬೇಕು. ಬಂದದ್ದನ್ನು ವ್ಯತ್ಯಾಸದ ವರ್ಗದಿಂದ, ಅಂದರೆ 0.10ರ ವರ್ಗವಾದ 0.01ರಿಂದ ಭಾಗಿಸಿ. ಸುಮಾರು 290 ಬರುತ್ತದೆ. ಅದು ಒಂದು ಗುಂಪಿಗೆ. ಹತ್ತರಲ್ಲೊಬ್ಬರು ನಡುವೆ ಬರುವುದು ಬಿಡುತ್ತಾರೆ ಎಂದುಕೊಂಡರೆ 290ನ್ನು 0.9ರಿಂದ ಭಾಗಿಸಿ: 323. (290ಕ್ಕೆ ಶೇ. 10 ಸೇರಿಸಿ 319 ಎಂದು ಬರೆಯುವವರು ಬಹಳ, ಅದು ತಪ್ಪು.) ನಿರೀಕ್ಷಿಸುವ ಇಳಿಕೆ ಅರ್ಧಕ್ಕೆ, ಅಂದರೆ ಶೇ. 30ರಿಂದ 25ಕ್ಕೆ ಮಾತ್ರವಾದರೆ ಬೇಕಾಗುವುದು ದುಪ್ಪಟ್ಟಲ್ಲ, ಗುಂಪಿಗೆ ಸುಮಾರು 1,250.

ಗುಂಪಿಗೆ 30 ಜನರನ್ನಿಟ್ಟುಕೊಂಡರೆ ನೀವು ಕಾಣುವುದು ಹೆಚ್ಚುಕಡಿಮೆ 9 ಸೋಂಕು ಒಂದು ಕಡೆ, 6 ಇನ್ನೊಂದು ಕಡೆ. ಹೊಸ ವಿಧಾನ ನಿಜಕ್ಕೂ ಒಳ್ಳೆಯದೇ ಆಗಿದ್ದರೂ ಅದನ್ನು ಹಿಡಿಯುವ ಸಾಧ್ಯತೆ ಶೇ. 15ರ ಆಸುಪಾಸು. ಆಮೇಲೆ ‘ಎರಡರ ನಡುವೆ ವ್ಯತ್ಯಾಸವಿಲ್ಲ’ ಎಂದು ಬರೆಯುತ್ತೀರಿ, ಒಳ್ಳೆಯ ವಿಧಾನವೊಂದು ಅಲ್ಲಿಗೆ ಮೂಲೆ ಸೇರುತ್ತದೆ. ಅರವತ್ತು ಜನರ ದೇಹ, ಸಮಯ ಎರಡನ್ನೂ ಬಳಸಿಕೊಂಡು ತಪ್ಪು ಉತ್ತರ ಕೊಡುವುದು ನಮಗೆ ಸಣ್ಣ ವಿಷಯವೆನಿಸುವುದಿಲ್ಲ.

ಕೈಯಲ್ಲಿರುವ ಕಾಲಾವಧಿಗೆ 60 ಜನರೇ ಸಿಗುವುದಾದರೆ ಪ್ರಶ್ನೆಯನ್ನು ಬದಲಿಸಿ. ‘ಆಯಿತು, ಆಗಲಿಲ್ಲ’ ಎಂದು ಎಣಿಸುವುದರ ಬದಲು ಅಳೆದು ಹೇಳಬಹುದಾದದ್ದನ್ನು ಆರಿಸಿಕೊಳ್ಳಿ. ಉದಾಹರಣೆಗೆ, ರಕ್ತದೊತ್ತಡದಲ್ಲಿ 8 ಮಿ.ಮೀ. ವ್ಯತ್ಯಾಸ ಹುಡುಕುತ್ತಿದ್ದು, ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯ ಸುತ್ತ ಅಳತೆಗಳ ಹರಡಿಕೆ) 10 ಇದ್ದರೆ ಗುಂಪಿಗೆ 25 ಜನ ಸಾಕಾಗುತ್ತಾರೆ. ಯಾವುದನ್ನೇ ಆರಿಸಿದರೂ ಮುಖ್ಯ ಫಲಿತಾಂಶ ಒಂದೇ ಇರಲಿ, ಮೊದಲ ರೋಗಿ ಸೇರುವ ಮುಂಚೆಯೇ ಟ್ರಯಲ್ ನೋಂದಣಿಯಲ್ಲಿ ಅದು ದಾಖಲಾಗಲಿ. ಪ್ರಮುಖ ವೈದ್ಯಕೀಯ ಪತ್ರಿಕೆಗಳ ಸಂಪಾದಕರು 2005ರಿಂದ ಇದನ್ನು ಕಡ್ಡಾಯ ಮಾಡಿದ್ದಾರೆ. ಕೊನೆಗೆ ಕೂತು 20 ಫಲಿತಾಂಶಗಳನ್ನು ಪರೀಕ್ಷಿಸಿದರೆ, ಏನೂ ಪರಿಣಾಮವಿಲ್ಲದಿದ್ದರೂ ಒಂದರಲ್ಲಾದರೂ ಪಿ-ಮೌಲ್ಯ 0.05ಕ್ಕಿಂತ ಕೆಳಗೆ ಬಂದು ವ್ಯತ್ಯಾಸವಿದೆಯೆಂದು ಸುಳ್ಳಾಗಿ ಕಾಣುವ ಸಾಧ್ಯತೆ ಶೇ. 64.

ಪ್ರಶ್ನೆ: ರ‍್ಯಾಂಡಮೈಸೇಶನ್‌ಗೆ (ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಅದೃಷ್ಟಕ್ಕೆ ಬಿಟ್ಟು ಹಂಚಲು) ಲಕೋಟೆ ಬಳಸುತ್ತೇವೆ, ನಾಲ್ಕು ನಾಲ್ಕು ಜನರ ಬ್ಲಾಕ್. ಯಾರಿಗೆ ಯಾವ ಚಿಕಿತ್ಸೆ ಎಂಬುದು ಎಲ್ಲರಿಗೂ ಕಾಣುವ ಟ್ರಯಲ್ ಇದು. ಹೊಸ ಚಿಕಿತ್ಸೆಯ ಗುಂಪಿನಲ್ಲಿ ಚಿಕ್ಕ ವಯಸ್ಸಿನವರೇ ಹೆಚ್ಚಾಗುತ್ತಿದ್ದಾರೆ. ಕಾಕತಾಳೀಯವೇ? — ಸ್ಟಡಿ ಕೋಆರ್ಡಿನೇಟರ್

ಉತ್ತರ: ಇರಬಹುದು, ಆದರೆ ಮೊದಲು ಲಕೋಟೆಗಳನ್ನು ನೋಡಿ. ನಾಲ್ಕರ ಬ್ಲಾಕಿನಲ್ಲಿ ಇಬ್ಬರಿಗೆ ಹಳೆಯದು, ಇಬ್ಬರಿಗೆ ಹೊಸದು. ಒಟ್ಟು ಆರು ಜೋಡಣೆಗಳಷ್ಟೇ ಸಾಧ್ಯ. ಮೊದಲ ಮೂವರಿಗೆ ಏನು ಬಂತೆಂದು ಕಂಡವರಿಗೆ ನಾಲ್ಕನೆಯದು ಗೊತ್ತಾಗಿಯೇ ಹೋಗುತ್ತದೆ. ಮೊದಲ ಎರಡೂ ಹಳೆಯದೇ ಆದರೆ ಮುಂದಿನ ಎರಡೂ ಗೊತ್ತು. ಮುಂದೆ ಬರುವುದು ‘ಹೊಸದು’ ಎಂದು ತಿಳಿದ ವೈದ್ಯರು, ಕೆಟ್ಟ ಉದ್ದೇಶವೇನೂ ಇಲ್ಲದೆ, ತಾಳಿಕೊಳ್ಳಬಲ್ಲ ರೋಗಿಗಾಗಿ ಕಾಯುತ್ತಾರೆ. ವಯಸ್ಸಾದವರನ್ನು ನಾಳೆ ಬನ್ನಿ ಎನ್ನುತ್ತಾರೆ. ಹಂಚಿಕೆ ಅಲ್ಲಿಗೆ ಕೆಟ್ಟಿತು.

ಬ್ಲಾಕಿನ ಗಾತ್ರ 4, 6 ಎಂದು ಅಡ್ಡಾದಿಡ್ಡಿಯಾಗಿ ಬದಲಾಗುತ್ತಿರಲಿ. ರೋಗಿಗಳನ್ನು ಸೇರಿಸುವವರಿಗೆ ಆ ಗಾತ್ರ ತಿಳಿಯಬಾರದು. ಪಟ್ಟಿ ಮಾಡುವವರು ವಾರ್ಡಿಗೆ ಸಂಬಂಧಪಡದವರಾಗಿರಲಿ. ಲಕೋಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದರೆ ಒಳಗಿನ ಅಕ್ಷರ ಕಾಣುತ್ತದೆಯೇ ಎಂದು ನೀವೇ ಪರೀಕ್ಷಿಸಿ. ಕಂಡರೆ ಒಳಗೆ ಅಲ್ಯೂಮಿನಿಯಂ ಹಾಳೆ ಇಡಿ. ಜೊತೆಗೊಂದು ಕಾರ್ಬನ್ ಕಾಗದವೂ ಇರಲಿ. ಒಡೆಯುವ ಮುಂಚೆ ಲಕೋಟೆಯ ಮೇಲೆ ರೋಗಿಯ ಸಂಖ್ಯೆ, ದಿನಾಂಕ, ಸಮಯ ಬರೆದರೆ ಅದು ಒಳಗಿನ ಚೀಟಿಗೂ ಮೂಡುತ್ತದೆ, ಮೊದಲೇ ಒಡೆದು ನೋಡಿದ ಲಕೋಟೆ ಸಿಕ್ಕಿಬೀಳುತ್ತದೆ. ಸಾಧ್ಯವಿದ್ದರೆ ಲಕೋಟೆಯನ್ನೇ ಬಿಟ್ಟು ಕಂಪ್ಯೂಟರಿನಿಂದ ಅಥವಾ ಫೋನಿನಲ್ಲಿ ಹಂಚಿಕೆ ಪಡೆಯುವ ವ್ಯವಸ್ಥೆ ಮಾಡಿ: ರೋಗಿಯ ಹೆಸರು ನೋಂದಾಯಿಸಿದ ಮೇಲೆಯೇ ಉತ್ತರ ಬರಬೇಕು.

1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಕ್ಷಯರೋಗದ ಸ್ಟ್ರೆಪ್ಟೊಮೈಸಿನ್ ಟ್ರಯಲ್ ಇಂದಿಗೂ ಮಾದರಿಯೆನಿಸಿರುವುದು ಬಹುಪಾಲು ಇದೇ ಕಾರಣಕ್ಕೆ. ಮುಚ್ಚಿದ ಲಕೋಟೆಯೊಳಗೆ ಏನಿದೆಯೆಂದು ಸೇರಿಸುವವರಿಗೆ ಮೊದಲೇ ತಿಳಿಯುವಂತಿರಲಿಲ್ಲ. ಒಳರೋಗಿ ಸಂಖ್ಯೆ ಸಮವೋ ಬೆಸವೋ ನೋಡಿ ಹಂಚುವುದು ರ‍್ಯಾಂಡಮೈಸೇಶನ್ ಅಲ್ಲ, ಅದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ.

ಪ್ರಶ್ನೆ: ನಮ್ಮ ತಂದೆಯವರಿಗೆ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದೆ. ಒಂದು ಟ್ರಯಲ್‌ಗೆ ಸೇರುತ್ತೀರಾ ಎಂದು ಡಾಕ್ಟರು ಕೇಳಿದ್ದಾರೆ. ಅರ್ಧ ಜನರಿಗೆ ಔಷಧವಿಲ್ಲದ ಮಾತ್ರೆ ಕೊಡುತ್ತಾರಂತೆ. ಬೇಡವೆಂದರೆ ಈಗಿನ ಚಿಕಿತ್ಸೆಗೆ ತೊಂದರೆಯಾಗುತ್ತದೆಯೇ? — ಮಗಳು

ಉತ್ತರ: ಆಗಕೂಡದು. ಇಷ್ಟವಿದ್ದರೆ ಮಾತ್ರ ಸೇರುವುದು ಎಂಬ ನಿಯಮ 1947ರ ನ್ಯೂರೆಂಬರ್ಗ್ ಸಂಹಿತೆಯ ಮೊದಲ ಮಾತೇ ಆಗಿದೆ. 1964ರ ಹೆಲ್ಸಿಂಕಿ ಘೋಷಣೆಯೂ ಅದನ್ನೇ ಹೇಳುತ್ತದೆ. ಬೇಡವೆಂದರೂ, ಸೇರಿದ ಮೇಲೆ ನಡುವೆ ಬಿಟ್ಟರೂ, ಮಾಮೂಲಿ ಚಿಕಿತ್ಸೆ ಮೊದಲಿನಂತೆಯೇ ನಡೆಯಬೇಕು. ಈ ಮಾತು ಒಪ್ಪಿಗೆ ಪತ್ರದಲ್ಲಿ ಅಚ್ಚಾಗಿರುತ್ತದೆ, ಹುಡುಕಿ ಓದಿ.

ಪ್ಲಸೀಬೊ ಎಂದರೆ ಚಿಕಿತ್ಸೆಯೇ ಇಲ್ಲ ಎಂದಲ್ಲ. ಕ್ಯಾನ್ಸರಿನಂಥ ಕಾಯಿಲೆಯಲ್ಲಿ ಸಾಮಾನ್ಯವಾಗಿ ಈಗಿರುವ ಒಳ್ಳೆಯ ಚಿಕಿತ್ಸೆ ಎರಡೂ ಗುಂಪಿಗೆ ಸಿಗುತ್ತದೆ. ಅದರ ಮೇಲೆ ಒಂದು ಗುಂಪಿಗೆ ಹೊಸ ಔಷಧ, ಇನ್ನೊಂದಕ್ಕೆ ಅದರಂತೆಯೇ ಕಾಣುವ ಖಾಲಿ ಮಾತ್ರೆ. ನಿಮ್ಮ ತಂದೆಯವರ ಟ್ರಯಲ್ ಹಾಗೆಯೇ ಇದೆಯೇ ಎಂದು ಡಾಕ್ಟರನ್ನೇ ನೇರವಾಗಿ ಕೇಳಿ.

ಇದು ಎಷ್ಟನೆಯ ಹಂತದ್ದು ಎಂಬುದನ್ನೂ ಕೇಳಿ. ಮೊದಲ ಹಂತವಾದರೆ ಎಷ್ಟು ಡೋಸ್ ಸುರಕ್ಷಿತ ಎಂದು ತಿಳಿಯುವುದೇ ಅದರ ಗುರಿ. ನಿಮ್ಮ ತಂದೆಯವರಿಗೆ ಗುಣ ಸಿಗುತ್ತದೆಂಬ ಭರವಸೆಯ ಮೇಲೆ ಸೇರಿಸಬೇಡಿ. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಔಷಧವನ್ನು ಆರು ಮಂದಿ ಆರೋಗ್ಯವಂತರಿಗೆ ಕೆಲವೇ ನಿಮಿಷಗಳ ಅಂತರದಲ್ಲಿ ಕೊಟ್ಟರು. ಡೋಸ್ ಪ್ರಾಣಿಗಳಲ್ಲಿ ಸುರಕ್ಷಿತವೆನಿಸಿದ್ದರ 500ರಲ್ಲಿ ಒಂದು ಪಾಲು. ಆದರೂ ಆರೂ ಮಂದಿ ಅಂಗಾಂಗ ವೈಫಲ್ಯಕ್ಕೆ ಗುರಿಯಾಗಿ ತೀವ್ರ ನಿಗಾ ಘಟಕ ಸೇರಿದರು, ಜೀವ ಉಳಿಯಿತು. ಹೊಸ ಔಷಧವನ್ನು ಮೊದಲು ಒಬ್ಬರಿಗೆ ಕೊಟ್ಟು, ಕಾದು ನೋಡಿ, ನಂತರವೇ ಉಳಿದವರಿಗೆ ಕೊಡುವ ಪದ್ಧತಿ ಗಟ್ಟಿಯಾದದ್ದು ಆ ಘಟನೆಯ ನಂತರ. ಮೂರನೆಯ ಹಂತದ ಟ್ರಯಲ್ ಬೇರೆ: ಅಷ್ಟರಲ್ಲಿ ಔಷಧದ ಗುಣದೋಷ ತಕ್ಕಮಟ್ಟಿಗೆ ತಿಳಿದಿರುತ್ತದೆ, ಈಗಿರುವ ಚಿಕಿತ್ಸೆಗಿಂತ ಮೇಲೇ ಎಂಬುದಷ್ಟೇ ಪ್ರಶ್ನೆ.

ಸಹಿಗೆ ಮುಂಚೆ ಪತ್ರವನ್ನು ಮನೆಗೆ ತನ್ನಿ. ಟ್ರಯಲ್‌ಗೋಸ್ಕರ ಹೆಚ್ಚುವರಿಯಾಗಿ ಎಷ್ಟು ಸಲ ಬರಬೇಕು, ಒಟ್ಟು ಎಷ್ಟು ಮಿ.ಲೀ. ರಕ್ತ ಕೊಡಬೇಕು, ತೊಂದರೆಯಾದರೆ ಚಿಕಿತ್ಸೆಯ ಖರ್ಚು, ಪರಿಹಾರ ಯಾರದ್ದು, ರಾತ್ರಿ ಎರಡು ಗಂಟೆಗೆ ಜ್ವರ ಬಂದರೆ ಯಾವ ಸಂಖ್ಯೆಗೆ ಕರೆ ಮಾಡಬೇಕು, ಉಳಿದ ರಕ್ತ ಮತ್ತು ಬಯಾಪ್ಸಿಯ ತುಣುಕನ್ನು ಮುಂದೆ ಏನು ಮಾಡುತ್ತಾರೆ, ಟ್ರಯಲ್ ಮುಗಿದ ಮೇಲೆ ಔಷಧ ಸಿಗುತ್ತದೆಯೇ, ಇವಕ್ಕೆ ಉತ್ತರ ಬೇಕು. ನಡುವೆ ಬಿಟ್ಟರೆ ಮಾತ್ರೆ ನಿಲ್ಲುತ್ತದೆ, ಆದರೆ ಅಲ್ಲಿಯವರೆಗಿನ ಮಾಹಿತಿಯನ್ನು ಸಾಮಾನ್ಯವಾಗಿ ಉಳಿಸಿಕೊಳ್ಳುತ್ತಾರೆ. ತಂದೆಯವರು ತಿಳಿವಳಿಕೆಯಲ್ಲಿದ್ದರೆ ನಿರ್ಧಾರ, ಸಹಿ ಎರಡೂ ಅವರದ್ದೇ. ಓದಿ ಹೇಳಿದ ಮೇಲೆ ‘ಏನು ಮಾಡ್ತಾರಂತೆ, ನೀವೇ ಹೇಳಿ ಅಪ್ಪ’ ಎಂದು ಕೇಳಿ ನೋಡಿ. ಅವರ ಮಾತಿನಲ್ಲಿ ಹೇಳಲು ಬರದಿದ್ದರೆ ಇನ್ನೊಮ್ಮೆ ವಿವರಿಸಿ ಎಂದು ಡಾಕ್ಟರನ್ನು ಕೇಳಲು ಸಂಕೋಚ ಬೇಡ.

ಪ್ರಶ್ನೆ: ನಮ್ಮ ಕೋಶಗಳು ನಿಧಾನವಾಗಿ ಬೆಳೆಯುತ್ತಿವೆ. ಮೀಡಿಯಂ ತಿಳಿಯಾಗಿಯೇ ಇದೆ, ಪೆನಿಸಿಲಿನ್–ಸ್ಟ್ರೆಪ್ಟೊಮೈಸಿನ್ ಹಾಕುತ್ತೇವೆ, ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾ ಕಾಣುವುದಿಲ್ಲ. — ಪಿಎಚ್‌ಡಿ ವಿದ್ಯಾರ್ಥಿ

ಉತ್ತರ: ಮೈಕೊಪ್ಲಾಸ್ಮಾ ಎಂಬ ಅತಿ ಚಿಕ್ಕ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿಸಿ, ತಯಾರಿ ಇವತ್ತೇ ಶುರುವಾಗಲಿ. ಅದಕ್ಕೆ ಕೋಶಭಿತ್ತಿಯೇ ಇಲ್ಲ, ಹಾಗಾಗಿ ಪೆನಿಸಿಲಿನ್ ನಾಟುವುದಿಲ್ಲ. 0.22 ಮೈಕ್ರಾನ್ ಫಿಲ್ಟರಿನಲ್ಲೂ ನುಸುಳುತ್ತದೆ, ಮೀಡಿಯಂ ಅನ್ನು ಕದಡುವುದೂ ಇಲ್ಲ. ಪರೀಕ್ಷೆಗೆ ಎರಡು ದಾರಿ. ಪಿಸಿಆರ್ ಒಂದು, ಡಿಎನ್‌ಎ ಬಣ್ಣ ಹಾಕಿ ನೋಡುವುದು ಇನ್ನೊಂದು: ಶುದ್ಧ ಕೋಶದಲ್ಲಿ ಕೇಂದ್ರ ಮಾತ್ರ ಹೊಳೆಯುತ್ತದೆ, ಸೋಂಕಿದ್ದರೆ ಸುತ್ತಲೂ ಪುಡಿ ಎರಚಿದಂತೆ ಚುಕ್ಕಿಗಳು. ಪರೀಕ್ಷೆಗೆ ಮುಂಚೆ ಎರಡು ವಾರ ಆಂಟಿಬಯೋಟಿಕ್ ಇಲ್ಲದೆ ಬೆಳೆಸಿ. ಇಲ್ಲದಿದ್ದರೆ ಸೋಂಕು ಅಡಗಿ ಕೂತು ಇಲ್ಲವೆಂಬ ಉತ್ತರ ಬರಬಹುದು. ಸೋಂಕಿದೆಯೆಂದು ಬಂದರೆ ಫ್ಲಾಸ್ಕನ್ನು ಬ್ಲೀಚ್ ಹಾಕಿ ಎಸೆದು, ಪರೀಕ್ಷಿಸಿದ ಹಳೆಯ ವಯಲ್ ಕರಗಿಸಿಕೊಳ್ಳಿ. ಅದೇ ಇನ್‌ಕ್ಯುಬೇಟರಿನಲ್ಲಿದ್ದ ಬೇರೆಯವರ ಕೋಶಗಳನ್ನೂ ಪರೀಕ್ಷಿಸಬೇಕು, ಮುಚ್ಚಿಡಬೇಡಿ.

ಪ್ರಶ್ನೆ: ಸ್ವಯಂಸೇವಕರೊಬ್ಬರ ಟಿಎಸ್‌ಎಚ್ (ಥೈರಾಯ್ಡನ್ನು ಚುರುಕುಗೊಳಿಸುವ ಹಾರ್ಮೋನ್) ತೀರಾ ಕಡಿಮೆ, ಟಿ4 (ಥೈರಾಯ್ಡ್ ಸ್ರವಿಸುವ ಹಾರ್ಮೋನ್) ಜಾಸ್ತಿ. ಥೈರಾಯ್ಡ್ ಲಕ್ಷಣ ಒಂದೂ ಇಲ್ಲ. — ಸಂಶೋಧನಾ ನರ್ಸ್

ಉತ್ತರ: ಕೂದಲು, ಉಗುರಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದಾರೆಯೇ ಕೇಳಿ. ಅನೇಕ ಹಾರ್ಮೋನ್ ಪರೀಕ್ಷೆಗಳು ಬಯೋಟಿನ್–ಸ್ಟ್ರೆಪ್ಟಾವಿಡಿನ್ ಅಂಟಿನ ಮೇಲೆ ನಡೆಯುತ್ತವೆ. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಟಿಎಸ್‌ಎಚ್‌ನಂಥ ಸ್ಯಾಂಡ್‌ವಿಚ್ ಪರೀಕ್ಷೆ (ಹಾರ್ಮೋನನ್ನು ಎರಡು ಆಂಟಿಬಾಡಿಗಳ ನಡುವೆ ಹಿಡಿದು ಅಳೆಯುವುದು) ಸುಳ್ಳಾಗಿ ಇಳಿಯುತ್ತದೆ, ಟಿ4ನಂಥ ಪೈಪೋಟಿಯ ಪರೀಕ್ಷೆ (ರಕ್ತದ ಹಾರ್ಮೋನು ಗುರುತು ಹಾಕಿದ ಹಾರ್ಮೋನಿನೊಡನೆ ಜಾಗಕ್ಕೆ ಸ್ಪರ್ಧಿಸುವುದು) ಸುಳ್ಳಾಗಿ ಏರುತ್ತದೆ. ಕನಿಷ್ಠ 2 ದಿನ ನಿಲ್ಲಿಸಿ ಮತ್ತೆ ರಕ್ತ ತೆಗೆಯಿರಿ. ಸೇರ್ಪಡೆಯ ಅರ್ಜಿಯಲ್ಲಿ ‘ವಿಟಮಿನ್ ಮಾತ್ರೆ’ ಎಂಬ ಸಾಲನ್ನು ಬೇರೆಯಾಗಿಯೇ ಸೇರಿಸಿ. ಔಷಧ ಏನು ತಗೊಳ್ತೀರಿ ಎಂದು ಕೇಳಿದರೆ ಇದನ್ನು ಯಾರೂ ಹೇಳುವುದಿಲ್ಲ.

ಪ್ರಶ್ನೆ: ದಾಖಲೆ ಪುಸ್ತಕದಲ್ಲಿ ತೂಕ 56ರ ಬದಲು 65 ಎಂದು ಬರೆದಿದ್ದೆ. ವೈಟ್ನರ್ ಹಾಕಿ ತಿದ್ದಿದ್ದಕ್ಕೆ ಅಧ್ಯಯನದ ದಾಖಲೆ ತಪಾಸಣೆ ಮಾಡುವ ಮಾನಿಟರ್ ಆಕ್ಷೇಪಿಸಿದರು. ಸರಿಯಾದದ್ದನ್ನೇ ಅಲ್ಲವೇ ಬರೆದದ್ದು? — ಕಿರಿಯ ಸಂಶೋಧಕ

ಉತ್ತರ: ಸರಿಯಾದದ್ದೇ ಇರಬಹುದು, ಆದರೆ ಮೊದಲು ಏನಿತ್ತೆಂದು ಈಗ ಯಾರಿಗೂ ಕಾಣುವುದಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಿರಿ, ಹಳೆಯದು ಓದಲು ಸಿಗಬೇಕು. ಪಕ್ಕದಲ್ಲಿ ಸರಿಯಾದದ್ದು, ನಿಮ್ಮ ಚುಟುಕು ಸಹಿ, ತಿದ್ದಿದ ದಿನದ ದಿನಾಂಕ, ಕಾರಣ. ತೂಕದ ಮೇಲೆ ಡೋಸ್ ನಿಂತಿದ್ದರೆ ಅಷ್ಟಕ್ಕೆ ಮುಗಿಯುವುದಿಲ್ಲ: 65ರ ಲೆಕ್ಕದಲ್ಲಿ ಆಗಲೇ ಔಷಧ ಹೋಗಿದೆಯೇ ಎಂದು ನೋಡಿ, ಹೋಗಿದ್ದರೆ ಮುಖ್ಯ ಸಂಶೋಧಕರಿಗೆ ಇಂದೇ ತಿಳಿಸಿ. ವೈಟ್ನರ್ ಹಾಕಿದ ಪುಟವನ್ನು ಹರಿಯಬೇಡಿ. ಏನಾಯಿತೆಂದು ಅದರ ಅಂಚಿನಲ್ಲೇ ಬರೆದು ಸಹಿ ಮಾಡಿ.